ನಿರಂತರ ನೀರು, ಒಳಚರಂಡಿಗೆ ನಮ್ಮ ಪುರಸಭೆ ಸಾಲ ಮಾಡ್ತಿದೆ. ತೀರಿಸುವವರು ಯಾರು?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮಧ್ಯ ಕರ್ನಾಟಕದ ಒಂದು ಪುರಸಭೆ. ನಲವತ್ತು ಸಾವಿರದ ಹತ್ತಿರ ಜನ. ಹೊಳೆ ಪಕ್ಕದಲ್ಲೇ ಇದ್ದರೂ ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಒಳಚರಂಡಿ ಇಲ್ಲ, ಎಲ್ಲರ ಮನೆಯಲ್ಲೂ ಪಿಟ್ಟೇ. ಬಚ್ಚಲ ನೀರು ಬೀದಿ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ನಾವು ಕುಡಿಯುವ ಅದೇ ಹೊಳೆಗೆ.

ಈಗ ನಿರಂತರ ನೀರು ಮತ್ತು ಯುಜಿಡಿ (ಒಳಚರಂಡಿ) ಎರಡಕ್ಕೂ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಆಗಿದೆ. ಒಂದು ಪಾಲು ಅನುದಾನ, ಉಳಿದದ್ದು ಸಾಲ. ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಜೂರಾತಿಗೆ ಇಡುತ್ತಾರಂತೆ. ವಾರ್ಡಿನ ಸದಸ್ಯರನ್ನು ಕೇಳಿದರೆ "ಸರ್ಕಾರ ಕಟ್ಟುತ್ತದೆ, ನಮಗೇನು" ಅಂತಾರೆ. ಸಾಲ ಅಂದಮೇಲೆ ಯಾರೋ ಒಬ್ಬರು ತೀರಿಸಲೇಬೇಕಲ್ವಾ? ನೀರಿನ ಕರ ಎಷ್ಟು ಏರಬಹುದು? ಇಂಥ ಯೋಜನೆ ಕಂಡಿರುವ ಊರಿನವರು ದಯವಿಟ್ಟು ಹೇಳಿ. ಕೆಲವರು ಸಾಲವೇ ಬೇಡ ಅಂತ ಸಹಿ ಸಂಗ್ರಹ ಶುರು ಮಾಡಿದ್ದಾರೆ. ನನಗೆ ಅದೂ ಸರಿ ಅನಿಸುತ್ತಿಲ್ಲ.

ಬಯಲುಸೀಮೆಯವ

ಸಹಿ ಹಾಕಿ. ಸಾಲ ತಂದು ರಸ್ತೆ ಅಗೆದು ಬಿಟ್ಟು ಹೋಗ್ತಾರೆ, ಅಷ್ಟೇ.

ನಿವೃತ್ತ ಲೆಕ್ಕಿಗ

ಪುರಸಭೆ, ನಗರಸಭೆ ಲೆಕ್ಕಪತ್ರ ವಿಭಾಗದಲ್ಲೇ ನನ್ನ ನೌಕರಿ ಮುಗಿಯಿತು. ಹಣ ಬರುವ ದಾರಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಶ್ವಬ್ಯಾಂಕ್, ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್), ಜಪಾನಿನ ನೆರವು ಸಂಸ್ಥೆ ಜೈಕಾ, ಇವರ್ಯಾರೂ ಪುರಸಭೆಗೆ ನೇರವಾಗಿ ಸಾಲ ಕೊಡುವುದಿಲ್ಲ. ಸಾಲ ಪಡೆಯುವುದು ಭಾರತ ಸರ್ಕಾರ. ಮೊದಲೆಲ್ಲ ಕೇಂದ್ರ ಅದನ್ನು ರಾಜ್ಯಕ್ಕೆ 70 ಭಾಗ ಸಾಲ, 30 ಭಾಗ ಅನುದಾನ ಅಂತ ದಾಟಿಸುತ್ತಿತ್ತು. 12ನೇ ಹಣಕಾಸು ಆಯೋಗದ ನಂತರ ಅದು ನಿಂತಿತು. ಈಗ ವಿದೇಶದಿಂದ ಯಾವ ಷರತ್ತಿನಲ್ಲಿ ಬಂತೋ ಅದೇ ಷರತ್ತಿನಲ್ಲಿ ರಾಜ್ಯಕ್ಕೆ ಹೋಗುತ್ತದೆ. ಅಂದರೆ ಡಾಲರ್, ಯೆನ್ ಏರಿದರೆ ಆ ಹೊರೆಯೂ ರಾಜ್ಯದ್ದೇ. 2004ರಲ್ಲಿ ಡಾಲರ್‌ಗೆ 45 ರೂಪಾಯಿ ಆಸುಪಾಸು ಇತ್ತು, ಈಗ 85 ದಾಟಿದೆ. ಬಡ್ಡಿ ಕಡಿಮೆ ಅಂತ ಹೇಳುವವರು ಇದನ್ನು ಬಿಟ್ಟು ಹೇಳುತ್ತಾರೆ.

ರಾಜ್ಯ ಅದನ್ನು ಕೆಯುಐಡಿಎಫ್‌ಸಿಯಂಥ, ನಗರ ಯೋಜನೆಗಳಿಗೆ ಹಣ ಒದಗಿಸುವ ತನ್ನದೇ ಸಂಸ್ಥೆಯ ಮೂಲಕ ಊರಿಗೆ ಕೊಡುತ್ತದೆ. ಎಷ್ಟು ಪಾಲು ಅನುದಾನ, ಎಷ್ಟು ಪಾಲು ಸಾಲ ಅಂತ ಒಪ್ಪಂದದಲ್ಲಿ ಬರೆದಿರುತ್ತದೆ. ನಿಮ್ಮ ಸದಸ್ಯರು ನೋಡಬೇಕಾದ ಕಾಗದ ಅದು. ಪುರಸಭೆ ಕಂತು ಕಟ್ಟದಿದ್ದರೆ ಯಾರೂ ಜಪ್ತಿಗೆ ಬರುವುದಿಲ್ಲ ನಿಜ. ಆದರೆ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ಮೊದಲೇ ಹಿಡಿದುಕೊಳ್ಳಬಹುದು. ಆಗ ಬೀದಿ ದೀಪಕ್ಕೂ ಚರಂಡಿ ರಿಪೇರಿಗೂ ದುಡ್ಡು ಇರುವುದಿಲ್ಲ. ಜನಕ್ಕೆ ಕಾರಣವೇ ಗೊತ್ತಾಗುವುದಿಲ್ಲ.

ಗಂಡುಮೆಟ್ಟಿನ ನಾಡು

ಸಾಲ ಬೇಡ ಅನ್ನೋರು ಒಮ್ಮೆ ಹುಬ್ಬಳ್ಳಿ-ಧಾರವಾಡದ ಕಥಿ ಕೇಳ್ರಿ. 2004ರಲ್ಲಿ ವಿಶ್ವಬ್ಯಾಂಕ್ ಸುಮಾರು 4 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ, ಮೂರೂ ಕಡೆ ಕೆಲವು ವಾರ್ಡುಗಳನ್ನಷ್ಟೇ ಪ್ರಾತ್ಯಕ್ಷಿಕೆ ವಲಯ ಅಂತ ಆರಿಸಿಕೊಂಡರು. ಸುಮಾರು 25 ಸಾವಿರ ನಲ್ಲಿ. ಹಳೆ ಪೈಪ್ ಪೂರ್ತಿ ಬದಲು, ಎಲ್ಲ ಮನೆಗೂ ಮೀಟರ್. 2008ರ ಹೊತ್ತಿಗೆ ದಿನದ 24 ಗಂಟೆ ನೀರು ಬರತೊಡಗಿತು. ಪಕ್ಕದ ಓಣಿಯಲ್ಲಿ ವಾರ ಕಾದು ಕೊಡ ತುಂಬಿಸುತ್ತಿದ್ದರು, ಇಲ್ಲಿ ನಲ್ಲಿ ತಿರುಗಿಸಿದರೆ ನೀರು.

ಇನ್ನೊಂದು ಮಾತು. ಅಮೆರಿಕದ ಸಂಶೋಧಕರು ಎರಡೂ ಬಗೆಯ ವಾರ್ಡಿನ ನಲ್ಲಿ ನೀರು ಪರೀಕ್ಷೆ ಮಾಡಿದ್ದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ಸುಮಾರು ಮೂರನೇ ಒಂದು ಭಾಗ ಮಾದರಿಯಲ್ಲಿ ಇ-ಕೋಲಿ ಅನ್ನುವ, ಮಲದಿಂದ ಬರುವ ಬ್ಯಾಕ್ಟೀರಿಯಾ ಸಿಕ್ಕಿತು. ನಿರಂತರ ನೀರಿನ ಕಡೆ ನೂರಕ್ಕೆ ಒಂದೂ ಇಲ್ಲ. ಕಾರಣ ಸರಳ. ಪೈಪ್ ಖಾಲಿಯಾದಾಗ ಒತ್ತಡ ಇರುವುದಿಲ್ಲ, ಸುತ್ತಲಿನ ಕೊಳಚೆ ಬಿರುಕಿನಿಂದ ಒಳಗೆ ಬರುತ್ತದೆ. ಆಸ್ಪತ್ರೆ ಬಿಲ್ಲನ್ನೂ ಲೆಕ್ಕಕ್ಕೆ ಹಿಡೀರಿ.

ಕೆಂಪುನೆಲ

@ಗಂಡುಮೆಟ್ಟಿನ ನಾಡು ಪೂರ್ತಿ ಕಥೆ ಹೇಳಿ ಸರ್. ಊರಿನ ಹತ್ತರಲ್ಲಿ ಒಂದು ಪಾಲಿಗೆ 2008ರಲ್ಲೇ ನೀರು ಬಂತು. ಉಳಿದ ಒಂಬತ್ತು ಪಾಲಿಗೆ? ಎರಡನೇ ಸಾಲಕ್ಕೆ ವಿಶ್ವಬ್ಯಾಂಕ್ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ, 10 ಕೋಟಿ ಡಾಲರ್. ಮಾದರಿ ಅಂತ ತೋರಿಸಿದ್ದು ಊರಿಗೆಲ್ಲ ಹಬ್ಬಲು ಇಷ್ಟು ವರ್ಷ ಬೇಕಿತ್ತಾ? ನಿರ್ವಹಣೆ ಖಾಸಗಿ ಕಂಪನಿಗೆ ಹೋಗಿದ್ದು, ಹಳೆ ಗುತ್ತಿಗೆ ನೌಕರರು ಕೆಲಸ ಕಳೆದುಕೊಂಡು ಧರಣಿ ಕೂತಿದ್ದು, ಅದನ್ನೂ ಹೇಳಬೇಕು. ಸಾಲದ ಜೊತೆ ಷರತ್ತು ಬರುತ್ತದೆ. ಮೀಟರ್ ಹಾಕಿ, ದರ ಏರಿಸಿ, ಆಪರೇಟರ್ ತನ್ನಿ. ಜನರ ಜೊತೆ ಚರ್ಚೆಯೇ ಇಲ್ಲ.

ಗಂಡುಮೆಟ್ಟಿನ ನಾಡು

ತಡ ಆಯಿತು, ಒಪ್ಪುತ್ತೇನೆ. ಆದರೆ ತಡ ಆಗಿದ್ದು ಸಾಲದಿಂದಲ್ಲ. ಮೀಟರ್ ಬಗ್ಗೆ ನಿಮ್ಮ ಮಾತು ಒಪ್ಪಲ್ಲ. ಮೀಟರ್ ಇಲ್ಲದೆ ಸೋರಿಕೆ ಎಲ್ಲಿದೆ ಅಂತ ಹುಡುಕೋದು ಹೆಂಗ?

ಅಡುಗೆಮನೆ ಕಿಟಕಿ

ಇಲ್ಲಿ ಎಲ್ಲ ಗಂಡಸರೇ ಮಾತಾಡ್ತಿದ್ದೀರಿ ಅನಿಸುತ್ತದೆ. ಕರ ಎಷ್ಟು ಅಂತ ಕೇಳುತ್ತೀರಿ, ಈಗ ಎಷ್ಟು ಖರ್ಚಾಗುತ್ತಿದೆ ಅಂತ ಕೇಳಿದ್ದೀರಾ? ನೀರು ಬಿಡುವುದು ರಾತ್ರಿ ಎರಡಕ್ಕೋ ಮೂರಕ್ಕೋ. ಎದ್ದು ಕೂರುವವರು ಯಾರು? ಸಂಪ್ ಕಟ್ಟಿಸಿದ್ದು, ಮೋಟಾರ್, ಅದರ ಕರೆಂಟು, ಫಿಲ್ಟರು, ಬೇಸಿಗೆಯಲ್ಲಿ ಟ್ಯಾಂಕರು, ಪಿಟ್ ತುಂಬಿದಾಗ ಸಕ್ಕಿಂಗ್ ಮೆಷಿನ್‌ನವನಿಗೆ ಕೊಡುವ ದುಡ್ಡು. ಇದೆಲ್ಲ ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೇ. ನಮ್ಮ ಮನೆ ಹಿಂದಿನ ವಠಾರದಲ್ಲಿ ಸಂಪೂ ಇಲ್ಲ, ಮೋಟಾರೂ ಇಲ್ಲ. ನೀರು ಬಿಟ್ಟ ದಿನ ಆ ಹೆಂಗಸರು ಕೆಲಸಕ್ಕೇ ಹೋಗುವುದಿಲ್ಲ. ಅವರ ಕೂಲಿ ಯಾವ ಡಿಪಿಆರ್‌ನಲ್ಲಿ ಬರುತ್ತದೆ?

ಸರಿಯಾಗಿ ನೀರು ಬಂದರೆ ತಿಂಗಳಿಗೆ ಮುನ್ನೂರು ಕೊಡಲು ನಾನು ತಯಾರು. ಆದರೆ ವಠಾರದವರಿಗೆ ಅಷ್ಟು ಹಾಕಬಾರದು. ಮೊದಲ ಎಂಟು ಸಾವಿರ ಲೀಟರಿಗೆ ಕಡಿಮೆ ದರ, ಮೇಲೆ ಹೋದಂತೆ ಜಾಸ್ತಿ, ಹಾಗೆ ಮಾಡಲಿ.

ಹೊಳೆದಂಡೆ

ಅಕ್ಕಾ, ಇದನ್ನು ಸಭೆಯಲ್ಲಿ ಹೇಳಲೇಬೇಕು. ಇದುವರೆಗೆ ಯಾರೂ ಈ ಲೆಕ್ಕ ಎತ್ತಿಲ್ಲ.

ಕಡಲತಡಿ

ನಮ್ಮ ಅನುಭವ ಕೇಳಿ. ಕರಾವಳಿಗೆ 1999ರಲ್ಲಿ ಎಡಿಬಿಯ 17.5 ಕೋಟಿ ಡಾಲರ್ ಸಾಲದ ಯೋಜನೆ ಬಂದಿತ್ತು. ಅದರ ಚುಟುಕು ಹೆಸರು ಕುಡ್ಸೆಂಪ್ ಅಂದರೆ ಇಲ್ಲಿ ಈಗಲೂ ಎಲ್ಲರಿಗೂ ಗೊತ್ತು. ನೀರು, ಒಳಚರಂಡಿ, ಕಸ ಎಲ್ಲ ಅದರಲ್ಲಿತ್ತು. ನಮ್ಮೂರಿನ ಹೆಸರು ಬೇಡ. ಇಲ್ಲಿ ಕೊಳಚೆ ಕೂಡಿಸಿ ಪಂಪ್ ಮಾಡುವ ವೆಟ್‌ವೆಲ್ ಕಟ್ಟಿದರು, ಕೊಳಚೆ ಶುದ್ಧ ಮಾಡುವ ಎಸ್‌ಟಿಪಿ ಕಟ್ಟಿದರು, ದೊಡ್ಡ ಪೈಪೂ ಹಾಕಿದರು. ನಡುನಡುವೆ ಒಂದಷ್ಟು ಕಡೆ ಜಾಗದ ತಕರಾರಿನಿಂದ ಪೈಪ್ ಜೋಡಣೆಯೇ ಆಗಲಿಲ್ಲ. ಮೇಲಿನ ಬೀದಿಯ ಕೊಳಚೆ ಜೋಡಣೆ ಇಲ್ಲದ ಜಾಗಕ್ಕೆ ಬಂದು ತೋಡಿಗೆ ಬೀಳುತ್ತದೆ. ಎಸ್‌ಟಿಪಿಗೆ ಬೇಕಾದಷ್ಟು ಕೊಳಚೆ ತಲುಪುವುದೇ ಇಲ್ಲ.

ಮಳೆಗಾಲದಲ್ಲಿ ಇನ್ನೊಂದು ಗೋಳು. ಮನೆಯವರು ಛಾವಣಿ ನೀರನ್ನು ಯುಜಿಡಿಗೆ ಬಿಡುತ್ತಾರೆ. ಜೂನ್ ಬಂದರೆ ಮ್ಯಾನ್‌ಹೋಲ್ ಮುಚ್ಚಳ ಎದ್ದು ರಸ್ತೆ ತುಂಬ ಹೊಲಸು. ನಮ್ಮ ಬಾವಿ ನೀರು ಕೆಟ್ಟು ಕುಡಿಯುವುದನ್ನೇ ಬಿಟ್ಟೆವು. ಸಾಲ ತೀರಿಸುವುದು ಮಾತ್ರ ನಿಲ್ಲಲಿಲ್ಲ. ಹಾಗಾಗಿ ನನ್ನ ಮಾತು ಇಷ್ಟೇ: ಜಾಗ ಕೈಗೆ ಬರುವ ಮೊದಲು ಟೆಂಡರ್ ಕರೆಯಲು ಬಿಡಬೇಡಿ.

ಬಯಲುಸೀಮೆಯವ

ನಾನು ಹೇಳಿದ್ದೂ ಅದೇ.

ಕಡಲತಡಿ

ಅಲ್ಲ, ನೀವು ಯೋಜನೆಯೇ ಬೇಡ ಅಂದಿರಿ. ನಾನು ಅದನ್ನು ನೆಟ್ಟಗೆ ಮಾಡಿ ಅಂತಿದ್ದೇನೆ. ಎರಡೂ ಒಂದೇ ಅಲ್ಲ.

ದೂರದೂರಿನ ಕನ್ನಡಿಗ

ನಾನಿರುವುದು ಅಮೆರಿಕದಲ್ಲಿ, ಇಲ್ಲಿನ ಒಂದು ಸಣ್ಣ ಊರಿನ ಕೊಳಚೆನೀರು ಘಟಕದಲ್ಲಿ ಎಂಜಿನಿಯರ್. ಇಲ್ಲಿ 1972ರ ಶುದ್ಧ ನೀರಿನ ಕಾಯ್ದೆ ಬಂದಾಗ ಕೇಂದ್ರ ಸರ್ಕಾರ ಊರುಗಳಿಗೆ ಘಟಕ ಕಟ್ಟಲು ನೇರ ಅನುದಾನ ಕೊಡುತ್ತಿತ್ತು, ಖರ್ಚಿನ 75 ಭಾಗದವರೆಗೆ. 1987ರಲ್ಲಿ ತಿದ್ದುಪಡಿ ತಂದು ಅನುದಾನದ ಜಾಗಕ್ಕೆ ಆವರ್ತ ನಿಧಿ ತಂದರು. ಒಂದೊಂದು ರಾಜ್ಯಕ್ಕೂ ಒಂದು ನಿಧಿ. ಕೇಂದ್ರ ದುಡ್ಡು ಹಾಕುತ್ತದೆ, ಅದಕ್ಕೆ ರಾಜ್ಯ 20 ಭಾಗ ಸೇರಿಸುತ್ತದೆ. ಅದರಿಂದ ಊರುಗಳಿಗೆ ಮಾರುಕಟ್ಟೆಗಿಂತ ಕಡಿಮೆ ಬಡ್ಡಿಗೆ ಸಾಲ. ಊರು ತೀರಿಸಿದ ದುಡ್ಡು ಖಜಾನೆಗೆ ವಾಪಸ್ ಹೋಗುವುದಿಲ್ಲ, ಅದೇ ನಿಧಿಗೆ ಬಂದು ಮುಂದಿನ ಊರಿಗೆ ಸಾಲವಾಗುತ್ತದೆ. ಕುಡಿಯುವ ನೀರಿಗೆ ಇಂಥದ್ದೇ ನಿಧಿ 1996ರಲ್ಲಿ ಬಂತು. ದೊಡ್ಡ ಯೋಜನೆಗಳಿಗೆ ಅಂತ 2014ರಲ್ಲಿ ವಿಫಿಯಾ ಅನ್ನುವ ಬೇರೆ ಸಾಲ ಯೋಜನೆ ತಂದರು. ಅದರಲ್ಲಿ ಸಾಮಾನ್ಯವಾಗಿ ಖರ್ಚಿನ 49 ಭಾಗ ಮಾತ್ರ ಸಾಲ ಸಿಗುತ್ತದೆ, ಉಳಿದದ್ದನ್ನು ಊರು ಬೇರೆ ಕಡೆಯಿಂದ ತರಬೇಕು.

ಬಡ ಊರುಗಳಿಗೆ ಸಾಲದ ಒಂದು ಭಾಗ ಮನ್ನಾ ಮಾಡುವ ಅವಕಾಶವೂ ಇದೆ. 2021ರ ಕಾಯ್ದೆಯಲ್ಲಿ ಸೀಸದ ಪೈಪ್ ಬದಲಿಸಲು 15 ಶತಕೋಟಿ ಡಾಲರ್ ಇಟ್ಟರು. ಅದರಲ್ಲಿ 49 ಭಾಗ ಅನುದಾನ ಇಲ್ಲವೇ ಮನ್ನಾ ಆಗುವ ಸಾಲ. ನನಗೆ ಇಷ್ಟವಾಗುವುದು ಆ ಆವರ್ತ ಪದ್ಧತಿ. ನಮ್ಮ ಊರು ಕಟ್ಟಿದ ಕಂತಿನಿಂದ ಪಕ್ಕದೂರಿನ ಘಟಕ ಏಳುತ್ತದೆ. ಕರ್ನಾಟಕದಲ್ಲೂ ಇದು ದೊಡ್ಡ ಮಟ್ಟದಲ್ಲಿ ಆಗಬೇಕು.

ಕೆಂಪುನೆಲ

ಅಮೆರಿಕದ ಇನ್ನೊಂದು ಮುಖವನ್ನೂ ಹೇಳಿ. ಅಲಬಾಮದ ಜೆಫರ್ಸನ್ ಕೌಂಟಿ ಒಳಚರಂಡಿಗೆ ಮಾಡಿದ ಸಾಲ 3 ಶತಕೋಟಿ ಡಾಲರ್ ದಾಟಿ 2011ರಲ್ಲಿ ದಿವಾಳಿ ಅರ್ಜಿ ಹಾಕಿತು. ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ 2022ರಲ್ಲಿ ಘಟಕ ಕೈಕೊಟ್ಟು ನಲ್ಲಿಯಲ್ಲಿ ನೀರೇ ಇರಲಿಲ್ಲ.

ದೂರದೂರಿನ ಕನ್ನಡಿಗ

ಜೆಫರ್ಸನ್ ಕೌಂಟಿಯದು ಸರ್ಕಾರಿ ನಿಧಿಯ ಸಾಲ ಅಲ್ಲ ಸರ್, ಮಾರುಕಟ್ಟೆ ಬಾಂಡ್, ಅಂದರೆ ಹೂಡಿಕೆದಾರರಿಂದ ಎತ್ತಿದ ಸಾಲ. ಬದಲಾಗುವ ಬಡ್ಡಿ, ವಾಲ್ ಸ್ಟ್ರೀಟ್ ಬ್ಯಾಂಕುಗಳ ಜೊತೆ ಬಡ್ಡಿ ವಿನಿಮಯದ ಒಪ್ಪಂದ, ಮೇಲೆ ಲಂಚ. ಅಧಿಕಾರಿಗಳು ಜೈಲಿಗೂ ಹೋದರು. ಆವರ್ತ ನಿಧಿಯ ಪರವಾಗಿ ಮಾತಾಡಲು ಅದೇ ಒಳ್ಳೆಯ ಕಾರಣ. ಜಾಕ್ಸನ್ ಬಗ್ಗೆ ನೀವು ಹೇಳಿದ್ದು ನಿಜ. ಅಲ್ಲಿ ವರ್ಷಗಟ್ಟಲೆ ನಿರ್ವಹಣೆ ಆಗಿರಲಿಲ್ಲ.

ಅಗ್ರಹಾರದ ಮೂರನೇ ಮನೆ

ನಮ್ಮಲ್ಲೂ ಪ್ರಯತ್ನ ಆಗಿಲ್ಲ ಅಂತೇನಿಲ್ಲ. 2002ರಲ್ಲಿ ತಮಿಳುನಾಡು 13 ಸಣ್ಣ ಊರುಗಳನ್ನು ಒಟ್ಟುಗೂಡಿಸಿ 30 ಕೋಟಿ ರೂಪಾಯಿಯ ಬಾಂಡ್ ತಂದಿತು. 2005ರಲ್ಲಿ ಕರ್ನಾಟಕವೂ ಬೆಂಗಳೂರಿನ ಸುತ್ತಲಿನ ಎಂಟು ಊರುಗಳ ನೀರಿಗೆ ಅದೇ ದಾರಿಯಲ್ಲಿ 100 ಕೋಟಿ ಎತ್ತಿತು. ಒಂದೇ ಪುರಸಭೆಗೆ ಯಾರೂ ನಂಬಿ ಸಾಲ ಕೊಡಲ್ಲ, ಕೂಡಿ ಹೋದರೆ ಕೊಡುತ್ತಾರೆ. ಆಮೇಲೆ ಕೇಂದ್ರದ ಅನುದಾನ ಧಾರಾಳವಾಗಿ ಬರತೊಡಗಿತು, ಬಾಂಡ್ ಯಾರಿಗೂ ಬೇಡವಾಯಿತು.

ಚೆನ್ನೈ ಪಕ್ಕದ ಆಲಂದೂರಿನದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ. 2000ದ ಆಸುಪಾಸಿನಲ್ಲಿ ಒಳಚರಂಡಿಗೆ ಮನೆಗೆ 5,000 ರೂಪಾಯಿ ಠೇವಣಿ ಅಂತ ಜನರಿಂದಲೇ ತೆಗೆದುಕೊಂಡರು. ಪುರಸಭೆ ಅಧ್ಯಕ್ಷರೇ ಬೀದಿ ಬೀದಿ ತಿರುಗಿ ಒಪ್ಪಿಸಿದರು. ಉಳಿದದ್ದಕ್ಕೆ ಸಾಲ. ದುಡ್ಡು ಕೊಟ್ಟವರು ಸುಮ್ನೆ ಇರುತ್ತಾರಾ? ಕೆಲಸ ಎಲ್ಲಿಗೆ ಬಂತು ಅಂತ ದಿನಾ ಕೇಳಿದರು, ಕೆಲಸ ಮುಗಿಯಿತು.

ಬಯಲುಸೀಮೆಯವ

5,000 ಇಲ್ಲದವರು ಏನು ಮಾಡಬೇಕು?

ಅಗ್ರಹಾರದ ಮೂರನೇ ಮನೆ

ಕಂತಿನಲ್ಲಿ ಕಟ್ಟಲು ಬಿಡಬೇಕು. ತೀರಾ ಬಡವರಿಗೆ ಪುರಸಭೆಯೇ ಹಾಕಬೇಕು. ಇದು ಮೊದಲೇ ತೀರ್ಮಾನ ಆಗಬೇಕು. ಇಲ್ಲದಿದ್ದರೆ ಪೈಪ್ ಬೀದಿಯಲ್ಲಿರುತ್ತದೆ, ಸಂಪರ್ಕ ಮಾತ್ರ ಇರುವುದಿಲ್ಲ.

ಐದನೇ ಹಂತ

ಬೆಂಗಳೂರಿನಲ್ಲಿ ಆಗಿದ್ದು ಅದೇ! ಕಾವೇರಿ ಐದನೇ ಹಂತಕ್ಕೆ ಜೈಕಾ 2018ರಲ್ಲಿ 45 ಶತಕೋಟಿ ಯೆನ್ ಸಾಲ ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತು. ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ, 110 ಹಳ್ಳಿಗಳಿಗೆ ಅಂತ. ನೀರು ಬಂತು, ಸಂಪರ್ಕ ತೆಗೆದುಕೊಳ್ಳುವವರು ಕಡಿಮೆ. ಶುಲ್ಕ ಜಾಸ್ತಿ ಅಂತ ಅಪಾರ್ಟ್‌ಮೆಂಟಿನವರು ಕೊಳವೆಬಾವಿ, ಟ್ಯಾಂಕರಿನಲ್ಲೇ ಉಳಿದರು. ಆಮೇಲೆ ಶುಲ್ಕವನ್ನು ಕಂತಿನಲ್ಲಿ ಕಟ್ಟುವ ವ್ಯವಸ್ಥೆ ಬಂತು.

ದರದ ಬಗ್ಗೆಯೂ ಹೇಳಬೇಕು. 2014ರ ನಂತರ ಬೆಂಗಳೂರಿನ ನೀರಿನ ದರ ಏರಿಸಿದ್ದು 2025ರ ಏಪ್ರಿಲ್‌ನಲ್ಲಿ. ಹತ್ತು ವರ್ಷ ಯಾವ ಸರ್ಕಾರವೂ ಮುಟ್ಟಲಿಲ್ಲ. ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನೀರು ಇದು. ಕರೆಂಟ್ ಬಿಲ್ ಏರುತ್ತಲೇ ಇತ್ತು. ಒಮ್ಮೆಲೇ ಏರಿಸಿದರೆ ಜನ ಸಿಟ್ಟಾಗುತ್ತಾರೆ. ವರ್ಷಾವರ್ಷ ಸ್ವಲ್ಪ ಸ್ವಲ್ಪ ಏರಿಸಿದ್ದರೆ ಇಷ್ಟು ಗಲಾಟೆ ಇರುತ್ತಿರಲಿಲ್ಲ.

ಕೋಲಾರದ ಕೆರೆ

ಬೆಂಗಳೂರಿನವರು ಬಳಸಿ ಬಿಟ್ಟ ನೀರು ಏನಾಗುತ್ತದೆ ಅನ್ನುವುದನ್ನೂ ಸ್ವಲ್ಪ ಮಾತಾಡೋಣ. ಅಲ್ಲಿನ ಕೆ.ಸಿ. ವ್ಯಾಲಿ ಘಟಕದಲ್ಲಿ ಶುದ್ಧ ಮಾಡಿದ ನೀರು ನಮ್ಮ ಕೋಲಾರದ ಕೆರೆಗಳಿಗೆ 2018ರಿಂದ ಬರುತ್ತಿದೆ. ಒಣಗಿದ್ದ ಕೆರೆ ತುಂಬಿವೆ, ಅಂತರ್ಜಲ ಮೇಲೆ ಬಂದಿದೆ, ನಿಜ. ಆದರೆ ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಅಂತ ನಾವು ಮೊದಲಿನಿಂದ ಕೇಳುತ್ತಿದ್ದೇವೆ. ಶುರುವಾದ ವರ್ಷವೇ ಕೆರೆಯಲ್ಲಿ ನೊರೆ ಬಂದು ಹೈಕೋರ್ಟ್ ತಡೆ ಕೊಟ್ಟಿತ್ತು. ಎಸ್‌ಟಿಪಿಗೆ ಸಾಲ ತರುವಾಗಲೇ ಮೂರನೇ ಹಂತವನ್ನೂ ಸೇರಿಸಿ ತರಬೇಕು. ನಿಮ್ಮ ಊರಿನ ಕೆಳಗೂ ಒಂದು ಊರು ಆ ಹೊಳೆ ನೀರು ಕುಡಿಯುತ್ತದಲ್ಲ?

ನೀರಗಂಟಿ ಮಗ

ಹಳ್ಳಿ ಕಡೆಯಿಂದ ಎರಡು ಮಾತು. ಜಲಜೀವನ್ ಮಿಷನ್‌ನಲ್ಲಿ ಊರಿನ ಒಳಗಿನ ಕೆಲಸಕ್ಕೆ ಜನರ ವಂತಿಗೆ ಶೇ. 10 ಅಂತ ನಿಯಮ. ಗುಡ್ಡಗಾಡಿನಲ್ಲಿ, ಪರಿಶಿಷ್ಟರು ಹೆಚ್ಚಿರುವ ಕಡೆ ಶೇ. 5. ನಲ್ಲಿ ಬಂತು, ಮೀಟರೂ ಬಂತು. ಮೋಟಾರ್ ಸುಟ್ಟರೆ ಪಂಚಾಯ್ತಿಯಲ್ಲಿ ದುಡ್ಡಿಲ್ಲ. ಅಪ್ಪ ನೀರು ಬಿಡುವ ಕೆಲಸ ಮಾಡುತ್ತಾರೆ, ಸಂಬಳ ತಿಂಗಳುಗಟ್ಟಲೆ ತಡ. ಜನ ಬೈಯುವುದು ಅವರನ್ನು. ಸಾಲವೋ ಅನುದಾನವೋ, ಕಟ್ಟಲು ಎಲ್ಲರೂ ಕೊಡುತ್ತಾರೆ. ನಡೆಸಲು ಯಾರೂ ಕೊಡುವುದಿಲ್ಲ.

ಇನ್ನೊಂದು. ಯುಜಿಡಿ ಮಾಡುವುದಾದರೆ ಕಟ್ಟಿಕೊಂಡ ಪೈಪ್ ಬಿಡಿಸುವ ಜೆಟ್ಟಿಂಗ್ ಮೆಷಿನ್ ದುಡ್ಡನ್ನೂ ಅದರಲ್ಲೇ ಇಡಿಸಿ. ರಕ್ಷಣಾ ಸಾಧನ ಇಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಬಾರದು ಅಂತ 2013ರ ಕಾಯ್ದೆ ಇದೆ. ಮೆಷಿನ್ ಇಲ್ಲದ ಊರಲ್ಲಿ ಕಟ್ಟಿಕೊಂಡಾಗ ಇಳಿಸುತ್ತಾರೆ. ಇಳಿಯುವವರು ಯಾವ ಕೇರಿಯವರು ಅಂತ ಎಲ್ಲರಿಗೂ ಗೊತ್ತು.

ಅಡುಗೆಮನೆ ಕಿಟಕಿ

ಇದನ್ನು ನೂರು ಸಲ ಹೇಳಬೇಕು ತಮ್ಮಾ. ಮೆಷಿನ್ ಇಲ್ಲದೆ ಯುಜಿಡಿಯೇ ಬೇಡ.

ಯೋಜನಾ ಕಡತ

ಹೊಳೆದಂಡೆ ಅವರೇ, ಸಾಲಕ್ಕೆ ಹೋಗುವ ಮೊದಲು ಅನುದಾನ ಪೂರ್ತಿ ತೆಗೆದುಕೊಂಡಿದ್ದೀರಾ ನೋಡಿ. 2021ರಲ್ಲಿ ಬಂದ, ನಗರಗಳ ನೀರಿಗಾಗಿ ಇರುವ ಕೇಂದ್ರದ ಅಮೃತ್ 2.0 ಯೋಜನೆಯಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರಿನ ನೀರಿನ ಯೋಜನೆಗೆ ಕೇಂದ್ರದ ಪಾಲು ಅರ್ಧ. ಒಳಚರಂಡಿ ಮಾತ್ರ ಆ ಯೋಜನೆಯ 500 ದೊಡ್ಡ ನಗರಗಳಿಗೆ. ನಿಮ್ಮಂಥ ಊರಿನ ಕೊಳಚೆ ನೀರಿಗೆ ಸ್ವಚ್ಛ ಭಾರತ 2.0ರಲ್ಲಿ ಬೇರೆ ಅನುದಾನ ಇಟ್ಟಿದ್ದಾರೆ. ಎರಡನ್ನೂ ಒಂದೇ ಡಿಪಿಆರ್‌ನಲ್ಲಿ ಕಲಸಿದ್ದರೆ ಪ್ರಶ್ನೆ ಕೇಳಿ.

ಸಾಲವೇ ಬೇಕಾದರೆ ವಿದೇಶಿ ಸಾಲ ಒಂದೇ ದಾರಿ ಅಲ್ಲ. 2023ರ ಬಜೆಟ್‌ನಲ್ಲಿ ನಗರ ಮೂಲಸೌಕರ್ಯ ಅಭಿವೃದ್ಧಿ ನಿಧಿ ಅಂತ ಮಾಡಿದ್ದಾರೆ. ವರ್ಷಕ್ಕೆ 10,000 ಕೋಟಿ, ನ್ಯಾಷನಲ್ ಹೌಸಿಂಗ್ ಬ್ಯಾಂಕ್ ನಡೆಸುತ್ತದೆ. ಹಳ್ಳಿಗಳಿಗೆ ನಬಾರ್ಡ್ ಕೊಡುವ ಆರ್‌ಐಡಿಎಫ್ (ಗ್ರಾಮೀಣ ಮೂಲಸೌಕರ್ಯ ನಿಧಿ) ಸಾಲದ ಮಾದರಿ. ಬಡ್ಡಿ ಆರ್‌ಬಿಐ ಬ್ಯಾಂಕ್ ದರಕ್ಕಿಂತ ಒಂದೂವರೆ ಪರ್ಸೆಂಟ್ ಕಡಿಮೆ, ಸಾಲ ರೂಪಾಯಿಯಲ್ಲಿ, ಡಾಲರ್ ಭಯ ಇಲ್ಲ.

ನಿವೃತ್ತ ಲೆಕ್ಕಿಗ

ಸರಿ. ಆದರೆ ಅದು ಎರಡನೇ, ಮೂರನೇ ಸ್ತರದ ನಗರಗಳಿಗೆ. ನಲವತ್ತು ಸಾವಿರದ ಪುರಸಭೆ ಅದರಲ್ಲಿ ಬರುವುದಿಲ್ಲ. ಮೇಲಾಗಿ ಅವಧಿ ಏಳು ವರ್ಷ, ಅದರಲ್ಲಿ ಎರಡು ವರ್ಷ ವಿನಾಯಿತಿ. ಮೂವತ್ತು ವರ್ಷ ಬಾಳುವ ಪೈಪಿಗೆ ಐದು ವರ್ಷದಲ್ಲಿ ತೀರಿಸುವ ಸಾಲ ಅಂದರೆ ಕಂತು ದೊಡ್ಡದಾಗುತ್ತದೆ. ಬಡ್ಡಿ ದರವನ್ನಷ್ಟೇ ನೋಡಬಾರದು.

ಕೆಂಪುನೆಲ

ಇಷ್ಟು ಸಣ್ಣ ಊರಿಗೆ ಪೂರ್ತಿ ಯುಜಿಡಿ ಬೇಕಾ ಅನ್ನುವುದೇ ನನ್ನ ಪ್ರಶ್ನೆ. ದೇವನಹಳ್ಳಿಯಲ್ಲಿ 2015ರಿಂದಲೇ ಪಿಟ್ಟಿನ ಮಲ ತಂದು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ಇದೆ. ಬೀದಿ ಬೀದಿ ಅಗೆಯುವ ಖರ್ಚಿಲ್ಲ, ಅಷ್ಟು ದೊಡ್ಡ ಸಾಲವೂ ಬೇಡ.

ಕಡಲತಡಿ

ಪಿಟ್ಟಿನ ಮಲಕ್ಕೆ ಅದು ಸರಿ. ಬಚ್ಚಲ ನೀರು ಎಲ್ಲಿಗೆ ಹೋಗಬೇಕು? ನಿರಂತರ ನೀರು ಬಂದ ಮೇಲೆ ಬಚ್ಚಲ ನೀರು ಇನ್ನೂ ಜಾಸ್ತಿ ಆಗುತ್ತದೆ. ಅದೂ ಹೊಳೆಗೇ ಹೋಗುತ್ತದೆ.

ಕೆಂಪುನೆಲ

ಹಳ್ಳ ಹೊಳೆ ಸೇರುವ ಮೊದಲು ತಡೆದು ಅಲ್ಲೇ ಒಂದು ಸಣ್ಣ ಘಟಕ. ಹಳೆ ಪೇಟೆಯಂಥ ಇಕ್ಕಟ್ಟಾದ ಕಡೆಗೆ ಮಾತ್ರ ಯುಜಿಡಿ. ಡಿಪಿಆರ್‌ನಲ್ಲಿ ಇಂಥ ಎರಡನೇ ಆಯ್ಕೆ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ.

ಹೊಳೆದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಮುಖ್ಯಾಧಿಕಾರಿಯನ್ನು ಕಂಡು ಡಿಪಿಆರ್ ನೋಡಿದೆ. ಎರಡನೇ ಆಯ್ಕೆ ಇಲ್ಲ. ಜೆಟ್ಟಿಂಗ್ ಮೆಷಿನ್ ಇಲ್ಲ. ಮನೆ ಸಂಪರ್ಕದ ಖರ್ಚು "ಫಲಾನುಭವಿಯಿಂದ" ಅಂತ ಒಂದು ಸಾಲು ಬರೆದಿದ್ದಾರೆ, ಎಷ್ಟು ಅಂತ ಇಲ್ಲ. ಎಸ್‌ಟಿಪಿ ಜಾಗ ಒಬ್ಬ ರೈತರದು, ಇನ್ನೂ ಮಾತುಕತೆ ಆಗಿಲ್ಲ. ಸಭೆಯಲ್ಲಿ ಕೇಳಲು ಇನ್ನೇನು ಇಟ್ಟುಕೊಳ್ಳಲಿ?

ನಿವೃತ್ತ ಲೆಕ್ಕಿಗ

ನೀರಿನ ಕರದ ಡಿಸಿಬಿ ಕೇಳಿ, ಅಂದರೆ ಬೇಡಿಕೆ, ವಸೂಲಿ, ಬಾಕಿಯ ತಃಖ್ತೆ. ಕಳೆದ ಐದು ವರ್ಷದ್ದು. ಈಗಿನ ಕರವೇ ಅರ್ಧ ವಸೂಲಾಗದಿದ್ದರೆ ಹೊಸ ದರದಲ್ಲಿ ಸಾಲ ತೀರುತ್ತದೆ ಅನ್ನುವ ಲೆಕ್ಕ ಕಾಗದದ ಮೇಲಷ್ಟೇ ಇರುತ್ತದೆ. ಬಾಕಿ ಯಾರದು ಅಂತಲೂ ನೋಡಿ. ಎಷ್ಟೋ ಊರಲ್ಲಿ ದೊಡ್ಡ ಬಾಕಿ ಸರ್ಕಾರಿ ಕಚೇರಿ, ಹಾಸ್ಟೆಲ್, ಕಲ್ಯಾಣ ಮಂಟಪಗಳದ್ದು. ಆಮೇಲೆ ಪಂಪ್‌ಹೌಸ್, ಎಸ್‌ಟಿಪಿಯ ಕರೆಂಟ್ ಬಿಲ್ ಮೊದಲ ಹತ್ತು ವರ್ಷ ಯಾವ ಲೆಕ್ಕಶೀರ್ಷಿಕೆಯಿಂದ ಕಟ್ಟುತ್ತಾರೆ ಅಂತ ನಡಾವಳಿಯಲ್ಲಿ ಬರೆಸಿ. ಬಾಯಿಮಾತಿಗೆ ಬೆಲೆ ಇಲ್ಲ.

ಅಡುಗೆಮನೆ ಕಿಟಕಿ

ಸಭೆಗೆ ವಠಾರದ ಹೆಂಗಸರನ್ನು ಕರೆದುಕೊಂಡು ಹೋಗಿ. ನಾಲ್ಕು ಜನ ಸಾಕು.

ಬಯಲುಸೀಮೆಯವ

ಜಾಗ, ಮೆಷಿನ್, ಸಂಪರ್ಕದ ಖರ್ಚು, ಈ ಮೂರೂ ಬರೆದು ಕೊಟ್ಟರೆ ನಾನೂ ವಿರೋಧ ಮಾಡಲ್ಲ. ನಮ್ಮ ಬೀದಿ ಅಗೆದು ಬಿಟ್ಟು ಹೋದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಹಾಗೆ ಬರೆದೆ. ಒಂದು ಕೇಳ್ತೀನಿ, ನಿಮ್ಮೂರಲ್ಲಿ ಈಗ ಸಿಸಿ ರಸ್ತೆ ಕೆಲಸ ಏನಾದರೂ ನಡೀತಿದೆಯಾ?

ಹೊಳೆದಂಡೆ

ಹೌದು, ನಾಲ್ಕು ವಾರ್ಡಿನಲ್ಲಿ ಟೆಂಡರ್ ಆಗಿದೆ. ಮುಂದಿನ ತಿಂಗಳು ಶುರು.

ಬಯಲುಸೀಮೆಯವ

ಅದನ್ನು ಮೊದಲು ನಿಲ್ಲಿಸಿ. ಪೈಪ್ ಹಾಕಿ ಮುಗಿಯುವವರೆಗೆ ಸಿಸಿ ರಸ್ತೆ ಬೇಡ ಅಂತ ಇವತ್ತೇ ಅರ್ಜಿ ಬರೆದು ಸ್ವೀಕೃತಿ ತೆಗೆದುಕೊಳ್ಳಿ. ನಮ್ಮಲ್ಲಿ ಹೊಸ ರಸ್ತೆ ಮಾಡಿದ ಮೇಲೆ ಅಗೆದರು, ಮತ್ತೆ ಹಾಕಲು ಯಾವ ಯೋಜನೆಯಲ್ಲೂ ದುಡ್ಡು ಇರಲಿಲ್ಲ.